ಹಟ್ಟಿಗೆ ನೀರು ಹಾಕುವ ಮೊದಲು

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬಾಯಾರಿನ ಕಡೆಯ ಒಂದು ಗುಡ್ಡದ ಬುಡದಲ್ಲಿದೆ. ಬಾವಿ ಇಲ್ಲ. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗ ಇದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದಿಯಿಂದ ಜಿನುಗುವ ನೀರು ತಾನಾಗಿ ಹರಿದು ಮನೆ ಹಿಂದಿನ ಟಾಂಕಿಗೆ ಬಂದು ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಅದು ಕೊಟ್ಟಷ್ಟನ್ನು ನಾವು ತೆಗೆದುಕೊಳ್ಳಬೇಕು, ಬೇಕೆಂದಾಗ ಜಾಸ್ತಿ ಕೇಳಲಿಕ್ಕೆ ಆಗುವುದಿಲ್ಲ.

ಒಂದು ಏಪ್ರಿಲ್‌ನಲ್ಲಿ ಆ ನೀರನ್ನು ಅಳೆದೆ. 15 ಲೀಟರಿನ ಕೊಡ ತುಂಬಲಿಕ್ಕೆ 12 ನಿಮಿಷ ಬೇಕಾಯಿತು. ಅಂದರೆ ಗಂಟೆಗೆ 75 ಲೀಟರ್, ದಿನಕ್ಕೆ 1,800 ಲೀಟರ್. ಮನೆಗೆ, ದನಗಳಿಗೆ, ತೋಟಕ್ಕೆ ಎಲ್ಲಾ ಅದೇ. ಅದೇ ದಿನ ಹಟ್ಟಿ, ಅಂದರೆ ದನದ ಕೊಟ್ಟಿಗೆ, ತೊಳೆಯುವ ಪೈಪನ್ನೂ ಅಳೆದೆ. 20 ಲೀಟರಿನ ಬಕೆಟ್ 70 ಸೆಕೆಂಡಿನಲ್ಲಿ ತುಂಬಿತು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ನಾನು ಆ ಪೈಪ್ ಹಿಡಿದು ನಿಲ್ಲುತ್ತಿದ್ದೆ. ಲೆಕ್ಕ ಹಾಕಿದರೆ ದಿನಕ್ಕೆ ಸಾವಿರ ಲೀಟರಿಗೂ ಮೇಲೆ. ಸುರಂಗದ ಅರ್ಧಕ್ಕಿಂತ ಜಾಸ್ತಿ ನೀರು ಸೆಗಣಿಯ ಜೊತೆ ಚರಂಡಿಗೆ ಹೋಗುತ್ತಿತ್ತು. ಅಡಕೆ ಸೋಗೆ ಹಳದಿಯಾಗಿ ಜೋತು ಬೀಳುತ್ತಿದ್ದ ದಿನಗಳವು.

ಅಷ್ಟು ನೀರು ಹಾಕಿದ್ದಕ್ಕೆ ಹಟ್ಟಿ ಚೊಕ್ಕ ಇತ್ತಾ? ನೋಡಲಿಕ್ಕೆ ಇತ್ತು. ಆದರೆ ಅದೇ ವರ್ಷ ನಮ್ಮ ಗೌರಿಗೆ ಕೆಚ್ಚಲು ಬಾವು ಬಂತು. ಜರ್ಸಿ ಕ್ರಾಸ್, ಎರಡನೇ ಕರುವಿನ ದನ. ಬೆಳಗ್ಗೆ ಕರೆಯುವಾಗ ಹಾಲಿನಲ್ಲಿ ಮೊಸರು ಒಡೆದ ಹಾಗೆ ಚೂರು ಚೂರು ಕಂಡಿತು. ಮುಟ್ಟಿದರೆ ಕಾಲು ಎತ್ತುತ್ತಿತ್ತು. ಔಷಧಿ ಆಯಿತು, ಜೀವ ಉಳಿಯಿತು. ಹಿಂದಿನ ಎಡ ಮೊಲೆ ಮಾತ್ರ ಬತ್ತಿಹೋಯಿತು. ನೋಡಲು ಬಂದ ಡಾಕ್ಟರು ಕಣ್ಣೂರು ಕಡೆಯವರು. ಮಲಯಾಳ ಬೆರೆಸಿದ ಕನ್ನಡದಲ್ಲಿ ಕೇಳಿದರು: “ಚೇಚೀ, ತೊಳೆಯುವುದು ದಿನಕ್ಕೆ ಎರಡು ಸಲ ಅಂತ ಹೇಳಿದಿರಿ. ಒಣಗುವುದು ಯಾವಾಗ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹಟ್ಟಿಯ ನೆಲ ಒಣಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಆ ಪ್ರಶ್ನೆಯಿಂದ ಶುರುವಾಗಿ ಒಂದೊಂದೇ ಬದಲಾಯಿಸುತ್ತಾ ಬಂದ ಕ್ರಮ ಇದು. ಎರಡು ಕರೆಯುವ ದನ, ಒಂದು ಕಡಸು, ಒಂದು ಕಾಸರಗೋಡು ಗಿಡ್ಡ (ನಮ್ಮ ಕಡೆಯ ಗಿಡ್ಡ ತಳಿಯ ಊರದನ), ಇಷ್ಟು ಇರುವ ಹಟ್ಟಿಗೆ ಈಗ ದಿನಕ್ಕೆ ನೂರು ಲೀಟರ್ ನೀರು ಸಾಕು. ಬೆಳಗ್ಗೆ ಮೂರು ಬಕೆಟ್, ಸಂಜೆ ಎರಡು.

ಬ್ಯಾಕ್ಟೀರಿಯಾಕ್ಕೆ ಬೇಕಾಗುವುದು ಊಟ, ಬೆಚ್ಚಗೆ, ತೇವ. ಸೆಗಣಿ, ಚೆಲ್ಲಿದ ಹಾಲು, ಹಿಂಡಿಯ ಪುಡಿ ಅದರ ಊಟ. ಬೆಚ್ಚಗೆ ನಮ್ಮ ಕರಾವಳಿಯಲ್ಲಿ ವರ್ಷವಿಡೀ ಇದ್ದದ್ದೇ, ಅದಕ್ಕೆ ನಾವು ಏನೂ ಮಾಡುವ ಹಾಗಿಲ್ಲ. ಉಳಿದದ್ದು ಊಟ ಮತ್ತು ತೇವ. ಈ ಎರಡೂ ಸಿಕ್ಕಿದರೆ ಸೆಗಣಿಯಲ್ಲಿ ಇರುವ ಇ-ಕೋಲಿಯಂಥವು ಸುಮಾರು 20 ನಿಮಿಷಕ್ಕೆ ಒಂದಕ್ಕೆ ಎರಡಾಗಬಲ್ಲವು. ಸೆಗಣಿ ತೆಗೆಯದೆ ಪೈಪ್ ಬಿಟ್ಟರೆ ಏನಾಗುತ್ತದೆ ನೋಡಿ. ಒಂದು ಕಡೆ ಮುದ್ದೆಯಾಗಿ ಇದ್ದದ್ದು ತೆಳ್ಳಗೆ ಕರಗಿ ಇಡೀ ನೆಲಕ್ಕೆ ಹರಡುತ್ತದೆ. ಕಲ್ಲಿನ ಸಂದಿಗೆ, ಸಿಮೆಂಟಿನ ಬಿರುಕಿಗೆ ಇಳಿಯುತ್ತದೆ. ಆಮೇಲೆ ದನ ಅಲ್ಲೇ ಮಲಗುತ್ತದೆ, ಕೆಚ್ಚಲು ನೆಲಕ್ಕೆ ಒತ್ತುತ್ತದೆ.

ಹಾಗಾಗಿ ಮೊದಲ ಕೆಲಸ ಕೆರೆಯುವುದು. ನೀರು ಮುಟ್ಟಬೇಡಿ.

ಸೆಗಣಿ ಬಾಚಲಿಕ್ಕೆ ನನಗೆ ಇವತ್ತಿಗೂ ಅಡಕೆ ಹಾಳೆಯಷ್ಟು ಒಳ್ಳೆಯದು ಯಾವುದೂ ಸಿಕ್ಕಿಲ್ಲ. ದಪ್ಪದ ಹಾಳೆಯನ್ನು ಅಂಗೈ ಎರಡರಷ್ಟು ಅಗಲಕ್ಕೆ ಕತ್ತರಿಸಿ, ಅಂಚು ನೇರ ಮಾಡಿ ಇಟ್ಟುಕೊಳ್ಳುತ್ತೇನೆ. ಅದು ಬಾಗುತ್ತದೆ, ನೆಲ ಉಬ್ಬಿದಲ್ಲಿ ಉಬ್ಬುತ್ತದೆ, ತಗ್ಗಿದಲ್ಲಿ ತಗ್ಗುತ್ತದೆ. ಕಬ್ಬಿಣದ ತಗಡು ನೆಲವನ್ನು ಗೀರಿ ಹಾಕುತ್ತದೆ, ಆ ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ. ಹಾಳೆ ಹಾಗೆ ಮಾಡುವುದಿಲ್ಲ. ಎರಡು ದಿನಕ್ಕೆ ಅಂಚು ಮೆತ್ತಗಾದರೆ ಗೊಬ್ಬರದ ಗುಂಡಿಗೆ ಎಸೆದು ಹೊಸದು ಕತ್ತರಿಸಿದರಾಯಿತು. ಮುದ್ದೆ ತೆಗೆದ ಮೇಲೆ ಗಂಜಲವನ್ನು ಉದ್ದ ಕೋಲಿನ ರಬ್ಬರ್ ವೈಪರಿನಲ್ಲಿ ಚರಂಡಿಗೆ ಎಳೆಯುತ್ತೇನೆ. ಇಷ್ಟು ಮಾಡುವಾಗಲೇ ಹಟ್ಟಿಯ ಮುಕ್ಕಾಲು ಕೊಳೆ ಹೊರಗೆ ಹೋಗಿರುತ್ತದೆ. ಸೆಗಣಿ ನೀರಾಗದೆ ಗಟ್ಟಿಯಾಗಿ ಸಿಗುವುದರಿಂದ ಗೋಬರ್ ಗ್ಯಾಸಿಗೂ ಹದವಾಗಿ ಕಲಸಬಹುದು. ಒಂದು ಬುಟ್ಟಿ ಸೆಗಣಿಗೆ ಅಷ್ಟೇ ನೀರು. ಮೊದಲು ಪೈಪಿನ ನೀರೆಲ್ಲಾ ಅದಕ್ಕೇ ಹೋಗಿ ಗ್ಯಾಸ್ ಬರುವುದೇ ಕಡಿಮೆಯಾಗಿತ್ತು.

ಗಂಜಲ ತಾನಾಗಿ ಹರಿಯದೆ ನಿಲ್ಲುತ್ತಿದ್ದರೆ ತಪ್ಪು ನೆಲದ್ದು. ನಿಲ್ಲುವ ಜಾಗಕ್ಕೆ 40 ಅಡಿಗೆ 1 ಅಡಿಯಷ್ಟು ಇಳಿಜಾರು ಬೇಕು. ಆರು ಅಡಿ ಉದ್ದದ ಜಾಗದಲ್ಲಿ ಹಿಂದಿನ ಚರಂಡಿಯ ಕಡೆ ಸುಮಾರು ಎರಡು ಇಂಚು ಇಳಿದಿರಬೇಕು, ಅಷ್ಟೆ. ಇದಕ್ಕಿಂತ ಜಾಸ್ತಿ ಮಾಡಿದರೆ ದನದ ಹಿಂದಿನ ಕಾಲಿಗೆ ಭಾರ. ಒಂದು ಚೆಂಬು ನೀರು ಚೆಲ್ಲಿ ಐದು ನಿಮಿಷ ಬಿಟ್ಟು ನೋಡಿ. ಎಲ್ಲಿ ನಿಂತಿದೆಯೋ ಅಲ್ಲಿ ಮಸಿಯಲ್ಲಿ ಗುರುತು ಹಾಕಿ. ನಮ್ಮಲ್ಲಿ ಏಳು ಕಡೆ ಗುರುತು ಬಿತ್ತು. ನಮ್ಮವರು ಒಂದು ಭಾನುವಾರ ಅರ್ಧ ಮೂಟೆ ಸಿಮೆಂಟಿನಲ್ಲಿ ಎಲ್ಲವನ್ನೂ ಮುಚ್ಚಿದರು. ಆ ಅರ್ಧ ಮೂಟೆ ಸಿಮೆಂಟು ಉಳಿಸಿದಷ್ಟು ನೀರನ್ನು ಬೇರೆ ಯಾವುದೂ ಉಳಿಸಿಲ್ಲ.

ಕೆರೆದಾದ ಮೇಲೆ ನೀರು. ಪೈಪ್ ಬೇಡ, ಬಕೆಟ್ ಮತ್ತು ಗಟ್ಟಿ ಬ್ರಶ್. ಕಡ್ಡಿ ಹಿಡಿಸೂಡಿಯೂ ಆಗುತ್ತದೆ, ತುದಿ ಸವೆದು ಮೊಂಡಾದದ್ದು ಇನ್ನೂ ಒಳ್ಳೆಯದು. ಒಂದು ಚೆಂಬು ಚೆಲ್ಲುವುದು, ಉಜ್ಜುವುದು, ಎಳೆಯುವುದು. ನೀರು ಕೊಳೆಯನ್ನು ಬಿಡಿಸುವುದಿಲ್ಲ, ಬ್ರಶ್ ಬಿಡಿಸುತ್ತದೆ. ನೀರು ಬಿಟ್ಟದ್ದನ್ನು ಹೊತ್ತುಕೊಂಡು ಹೋಗುತ್ತದೆ. ಇದು ತಲೆಗೆ ಹೊಕ್ಕರೆ ಕೈ ತಾನಾಗಿ ಕಡಿಮೆ ನೀರು ಹಾಕುತ್ತದೆ. ದನ ಕುಡಿಯುವ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕಲ್ವಾ, ಆ ನೀರು ನೆಲಕ್ಕೆ. ಹಾಲಿನ ಪಾತ್ರೆಯ ಎರಡನೇ ತೊಳೆದ ನೀರು ಸಹ ಆಗುತ್ತದೆ. ಮೊದಲನೆಯದು ಬೇಡ. ಅದರಲ್ಲಿ ಹಾಲಿನ ಅಂಶ ಇರುತ್ತದೆ, ಬ್ಯಾಕ್ಟೀರಿಯಾಕ್ಕೆ ಅದು ಪಾಯಸ. ಅದನ್ನು ಹಿಂಡಿ ಕಲಸಲಿಕ್ಕೆ ಹಾಕುತ್ತೇನೆ.

ದನಗಳು ಕುಡಿಯುವ ನೀರಿನಲ್ಲಿ ಮಾತ್ರ ಒಂದು ಚೆಂಬೂ ಉಳಿಸಬೇಡಿ. ಕರೆಯುವ ಕ್ರಾಸ್ ದನಕ್ಕೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಬೇಕಾಗುತ್ತದೆ.

ಕರೆಯುವ ಮೊದಲು ಇಡೀ ದನಕ್ಕೆ ನೀರು ಹೊಯ್ಯುವ ಅಭ್ಯಾಸ ನಮ್ಮ ಕಡೆ ಉಂಟು. ನಾನೂ ಮಾಡುತ್ತಿದ್ದೆ. ಹೊಟ್ಟೆಯ ಕೊಳೆ ನೀರಿನ ಜೊತೆ ಇಳಿದು ಮೊಲೆಯ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ಆ ಹನಿ ಪಾತ್ರೆಗೂ ಬೀಳುತ್ತದೆ, ಮೊಲೆಯ ತೂತಿಗೂ ಹೋಗುತ್ತದೆ. ಈಗ ಮೊಲೆ ಮಾತ್ರ ಅರ್ಧ ಚೆಂಬು ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಒಂದು ದನಕ್ಕೆ ಒಂದು ಬಟ್ಟೆ. ಗೌರಿಯದ್ದು ಬೊಳ್ಳಿಗೆ ಇಲ್ಲ. ಎಲ್ಲಾ ಬಟ್ಟೆ ದಿನವೂ ಕುದಿಸಿ ಬಿಸಿಲಿಗೆ. ಕರೆದ ಮೇಲೆ ಅಯೊಡಿನ್ ದ್ರಾವಣದಲ್ಲಿ ಮೊಲೆ ಅದ್ದಿ, ತಕ್ಷಣ ಬೈಹುಲ್ಲು ಹಾಕುತ್ತೇನೆ. ಕರೆದ ಮೇಲೆ ಸುಮಾರು ಅರ್ಧ ಗಂಟೆ ಮೊಲೆಯ ತೂತು ತೆರೆದೇ ಇರುತ್ತದೆ. ಮೇವು ಇದ್ದರೆ ಅಷ್ಟು ಹೊತ್ತು ದನ ನಿಂತಿರುತ್ತದೆ, ನೆಲಕ್ಕೆ ಮಲಗುವುದಿಲ್ಲ.

ಇನ್ನು ರಬ್ಬರ್ ಮ್ಯಾಟ್. ಮೊಣಕಾಲಿಗೆ ಒಳ್ಳೆಯದು, ದನ ಜಾರುವುದಿಲ್ಲ, ಎಲ್ಲಾ ಹೌದು. ಆದರೆ ಅದನ್ನು ಎತ್ತಿ ನೋಡಿದವರು ಎಷ್ಟು ಜನ? ಗೌರಿಗೆ ಹುಷಾರಿಲ್ಲದಾಗ ನಾನು ಮೊದಲ ಸಲ ಎತ್ತಿದೆ. ಅಡಿಯಲ್ಲಿ ಕಪ್ಪು ಲೋಳೆ. ಬೆರಳಲ್ಲಿ ತೀಡಿದರೆ ಗಂಜಿಯ ಕೆನೆಯ ಹಾಗೆ ಜಾರಿತು, ನೀರು ಹಾಕಿದರೆ ಹಂದಲಿಲ್ಲ. ಮೂಗು ಹತ್ತಿರ ಹಿಡಿಯಲಿಕ್ಕೆ ಆಗಲಿಲ್ಲ. ಮ್ಯಾಟಿನ ಮೇಲೆ ದನ ಒಂದೊಂದು ಹೆಜ್ಜೆ ಇಡುವಾಗಲೂ ಅಂಚಿನಿಂದ ಆ ರಸ ಪಿಚಕ್ ಅಂತ ಮೇಲೆ ಬರುತ್ತಿತ್ತು. ಆ ಲೋಳೆಯ ಒಳಗೆ ಬ್ಯಾಕ್ಟೀರಿಯಾ ಮನೆ ಕಟ್ಟಿಕೊಂಡಿರುತ್ತವೆ. ಅದರ ಮೇಲೆ ಎಷ್ಟು ಔಷಧಿ ಸುರಿದರೂ ಒಳಗೆ ಇಳಿಯುವುದಿಲ್ಲ. ಮೊದಲು ಲೋಳೆಯನ್ನು ಒಡೆಯಬೇಕು.

ಒಡೆಯಲಿಕ್ಕೆ ವಾಷಿಂಗ್ ಸೋಡಾ. ಹತ್ತು ಲೀಟರ್ ಬಿಸಿ ನೀರಿಗೆ 400 ಗ್ರಾಂ. ಅಡಿಗೆ ಸೋಡಾ ಅಲ್ಲ, ಬಟ್ಟೆಯ ಸೋಡಾ. ಕೈಗೆ ಗ್ಲೌಸ್ ಹಾಕಿ, ಚರ್ಮ ಸುಲಿಯುತ್ತದೆ. ಮ್ಯಾಟ್ ಎತ್ತಿ ಗೋಡೆಗೆ ಒರಗಿಸಿ, ಎರಡೂ ಬದಿಗೆ, ಅಡಿಯ ನೆಲಕ್ಕೆ ಹೊಯ್ದು ಹತ್ತು ನಿಮಿಷ ಬಿಡಿ. ಆಮೇಲೆ ಉಜ್ಜಿ. ಲೋಳೆ ಬೆಳ್ಳಗಿನ ನೊರೆಯಾಗಿ ಎದ್ದು ಬರುತ್ತದೆ. ಒಂದು ಬಕೆಟ್ ನೀರಿನಲ್ಲಿ ತೊಳೆದು, ಮ್ಯಾಟನ್ನು ಸಂಜೆಯವರೆಗೆ ಬಿಸಿಲಿಗೆ ಹಾಕಿ. ವಾರಕ್ಕೊಮ್ಮೆ ಇದನ್ನು ಮಾಡುತ್ತೇನೆ, ನನಗೆ ಶನಿವಾರ. ಮ್ಯಾಟ್ ಭಾರ, ಒಬ್ಬರಿಗೆ ಆಗುವುದಿಲ್ಲ, ಮಗನ ರಜೆಯ ದಿನ ಅದು.

ಬ್ಲೀಚಿಂಗ್ ಹುಡಿ ಇದೆಲ್ಲಾ ಆದ ಮೇಲೆ. ಇಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ, ಯಾರೂ ಮಾಡಬಾರದು. ಡಾಕ್ಟರು ಬಂದು ಹೋದ ಮರುದಿನವೇ ಹೆದರಿಕೆಯಲ್ಲಿ ಹುಡಿಯನ್ನು ಹಾಗೇ ನೆಲಕ್ಕೆ ಉದುರಿಸಿದೆ. ಗಂಜಲ ಇನ್ನೂ ಹಸಿ ಇತ್ತು. ದನಗಳು ಒಳಗೇ ಇದ್ದವು. ಎರಡೇ ನಿಮಿಷಕ್ಕೆ ಕಣ್ಣು ಉರಿಯಲಿಕ್ಕೆ ಶುರುವಾಯಿತು, ಗಂಟಲು ಹಿಡಿದು ಕೆಮ್ಮು ಬಂತು. ದನಗಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹಗ್ಗ ಬಿಚ್ಚಿ ಎಲ್ಲವನ್ನೂ ಹೊರಗೆ ಎಳೆದೆ. ಗಂಜಲದ ಅಮೋನಿಯಾ ಮತ್ತು ಕ್ಲೋರಿನ್ ಸೇರಿದರೆ ವಿಷದ ಗಾಳಿ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೆ ಅದಕ್ಕಿಂತ ಅಪಾಯ, ಬ್ಲೀಚಿಂಗ್ ಹುಡಿಯ ಹತ್ತಿರಕ್ಕೂ ಅದನ್ನು ತರಬೇಡಿ.

ಇನ್ನೊಂದು, ಸೆಗಣಿಯ ಮೇಲೆ ಹಾಕಿದ ಕ್ಲೋರಿನ್ ಸೆಗಣಿಯ ಜೊತೆಯೇ ಖರ್ಚಾಗಿ ಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ಏನೂ ಉಳಿಯುವುದಿಲ್ಲ. ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ.

ಸರಿಯಾದ ಕ್ರಮ ಹೀಗೆ. ದನಗಳನ್ನು ಹೊರಗೆ ಕಟ್ಟಿ. ಕೆರೆದು, ತೊಳೆದು, ಸೋಡಾ ಹಾಕಿದ್ದರೆ ಅದನ್ನೂ ಪೂರ್ತಿ ತೊಳೆದು, ನೀರು ಎಳೆದು ನೆಲವನ್ನು ಆರಲು ಬಿಡಿ. ಸೋಡಾ ಉಳಿದರೆ ಬ್ಲೀಚಿಂಗಿನ ಶಕ್ತಿ ಕುಗ್ಗುತ್ತದೆ. ಹತ್ತು ಲೀಟರ್ ನೀರಿಗೆ 150 ಗ್ರಾಂ ಹುಡಿ. ಮೊದಲು ಸ್ವಲ್ಪ ನೀರಿನಲ್ಲಿ ಹಿಟ್ಟಿನ ಹಾಗೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ, ಅರ್ಧ ಗಂಟೆ ಇಟ್ಟರೆ ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಸ್ಪ್ರೇಯರಿನ ನಾಝಲ್ ಕಟ್ಟುತ್ತದೆ. ತೋಟಕ್ಕೆ ಮದ್ದು ಬಿಡುವ ಸ್ಪ್ರೇಯರ್ ಇದಕ್ಕೆ ಬೇಡ, ಬೇರೆಯೇ ಇರಲಿ. ನಮ್ಮ ಹಟ್ಟಿ 20 ಅಡಿಗೆ 14 ಅಡಿ, ಈ ಹತ್ತು ಲೀಟರ್ ಸರಿಯಾಗಿ ಸಾಕಾಗುತ್ತದೆ. ನೆಲ 15ರಿಂದ 20 ನಿಮಿಷ ಒದ್ದೆಯಾಗಿಯೇ ಇರಬೇಕು. ತಕ್ಷಣ ತೊಳೆದರೆ ಸುಮ್ನೆ ದಂಡ. ಮೇವಿನ ತೊಟ್ಟಿ, ನೀರಿನ ತೊಟ್ಟಿ, ಕಬ್ಬಿಣದ ಸರಪಳಿಗೆ ತಾಗಿದ್ದರೆ ಆಮೇಲೆ ಚೆನ್ನಾಗಿ ತೊಳೆಯಿರಿ. ವಾಸನೆ ಹೋಗಿ ನೆಲ ಒಣಗಿದ ಮೇಲೆಯೇ ದನ ಒಳಗೆ.

ಇದು ಹದಿನೈದು ದಿನಕ್ಕೊಮ್ಮೆ ಸಾಕು. ರೋಗ ಬಂದಾಗ, ಕರು ಹಾಕುವ ಮೊದಲು, ಹೊಸ ದನ ತರುವ ಮೊದಲು ಇನ್ನೊಂದು ಸಲ. ದಿನವೂ ಹಾಕುವುದರಲ್ಲಿ ಅರ್ಥ ಇಲ್ಲ. ಹುಡಿ ಹೊಸತಿರುವಾಗ ಅದರಲ್ಲಿ 30 ಶೇಕಡಕ್ಕಿಂತ ಮೇಲೆ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಪ್ಯಾಕೆಟ್ಟಿನಲ್ಲಿ, ಅದೂ ನಮ್ಮ ಮಳೆಗಾಲದ ಗಾಳಿಗೆ, ಬೇಗ ಸಪ್ಪೆಯಾಗುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ. ಕಲಸಿದ ನೀರನ್ನು ಅವತ್ತೇ ಮುಗಿಸಿ.

ಈ ನೀರು ಗೋಬರ್ ಗ್ಯಾಸಿನ ಗುಂಡಿಗೆ ಹೋಗಲೇಬಾರದು. ಗ್ಯಾಸ್ ಮಾಡುವುದೂ ಇಂಥ ಸೂಕ್ಷ್ಮಜೀವಿಗಳೇ, ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ಒಮ್ಮೆ ಹೋಗಿ ನಮ್ಮ ಒಲೆ ಹನ್ನೊಂದು ದಿನ ಉರಿಯಲಿಲ್ಲ. ಈಗ ಚರಂಡಿಯ ಕೊನೆಗೆ ಎರಡು ದಾರಿ ಮಾಡಿದ್ದೇವೆ. ಒಂದು ಗ್ಯಾಸಿಗೆ, ಇನ್ನೊಂದು ಹೊರಗಿನ ಗುಂಡಿಗೆ. ಯಾವುದು ಬೇಡವೋ ಅದಕ್ಕೆ ಹಳೆ ಗೋಣಿ ಸುತ್ತಿದ ಕಲ್ಲು. ಗುಂಡಿಯ ನೀರು ಎರಡು ದಿನ ಬಿಸಿಲಿಗೆ ನಿಂತ ಮೇಲೆ ತೆಂಗಿನ ಬುಡಕ್ಕೆ ಬಿಡುತ್ತೇನೆ.

ಇಷ್ಟೆಲ್ಲಾ ಮಾಡಿ ಒಣಗಿಸದಿದ್ದರೆ ಮತ್ತೆ ಅಲ್ಲಿಗೇ ಬಂತು. ನಾವು ಹಟ್ಟಿಯ ಪಡುವಣ ಗೋಡೆಯಿಂದ ಎರಡು ಸಾಲು ಮುರಕಲ್ಲು ತೆಗೆದೆವು. ಗಾಳಿ ಅಡ್ಡ ಹಾಯುತ್ತದೆ. ಮಾಡಿನ ಹಂಚಿನಲ್ಲಿ ನಾಲ್ಕು ತೆಗೆದು ಗಾಜಿನ ಹಂಚು ಹಾಕಿದೆವು. ಬೆಳಗ್ಗೆ ಹತ್ತರಿಂದ ಮೂರರವರೆಗೆ ದನಗಳು ಹೊರಗೆ ಹಲಸಿನ ನೆರಳಿನಲ್ಲಿ ಇರುತ್ತವೆ, ಹಟ್ಟಿ ಖಾಲಿ. ಬೇಸಿಗೆಯಲ್ಲಿ ಒಂದು ಗಂಟೆಗೆಲ್ಲಾ ನೆಲ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಒಣಗಿದೆಯಾ ಅಂತ ಕಣ್ಣಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ನನ್ನ ಪರೀಕ್ಷೆ ಒಂದು ಹಳೆ ಬಿಳಿ ಪಂಚೆ. ದನ ಮಲಗುವ ಜಾಗದಲ್ಲಿ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಮೊಣಕಾಲೂರಿ ಮನಸ್ಸಲ್ಲೇ ಇಪ್ಪತ್ತೈದು ಎಣಿಸುತ್ತೇನೆ. ಎದ್ದಾಗ ಪಂಚೆಯ ಮೇಲೆ ಮೊಣಕಾಲಿನ ಆಕಾರಕ್ಕೆ ತೇವ ಮೂಡಿದ್ದರೆ ಆ ಜಾಗ ಕೆಚ್ಚಲಿಗೆ ಆಗುವುದಿಲ್ಲ. ಶುರುವಿನಲ್ಲಿ ದಿನವೂ ಮೂಡುತ್ತಿತ್ತು. ಈಗ ಬೇಸಿಗೆಯಲ್ಲಿ ಮೂಡುವುದಿಲ್ಲ.

ಮಳೆಗಾಲದ್ದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಹಟ್ಟಿಯ ನೆಲ ಎಲ್ಲಿ? ನೀರು ಧಾರಾಳ ಇದೆ ಅಂತ ಕೈ ಪೈಪಿಗೆ ಹೋಗುತ್ತದೆ. ಆಗಲೇ ತಡೆಯಬೇಕು. ಇಲ್ಲಿ ನನಗೆ ದಾರಿ ತೋರಿಸಿದ್ದು ಅತ್ತೆ. ಅವರ ಕಾಲದಲ್ಲಿ ಸೊಪ್ಪಿನ ಹಟ್ಟಿ. ಊರದನಗಳು. ದಿನವೂ ಗುಡ್ಡದ ಸೊಪ್ಪು, ತರಗೆಲೆ ಹಾಸುವುದು, ದನ ತುಳಿಯುವುದು, ಮರುದಿನ ಅದರ ಮೇಲೆ ಮತ್ತೆ ಹಾಸುವುದು. ಒಂದು ಚೆಂಬು ನೀರು ಇಲ್ಲ. “ನಮ್ಮ ಹಟ್ಟಿಗೆ ನೀರು ತೋರಿಸಿದ್ದೇ ಗೋಪೂಜೆಯ ದಿನ” ಅಂತ ಅತ್ತೆ ಹೇಳುತ್ತಾರೆ. ಕ್ರಾಸ್ ದನಗಳ ಸೆಗಣಿ ತೆಳ್ಳಗೆ, ಗಂಜಲ ಜಾಸ್ತಿ, ಹಾಗಾಗಿ ಪೂರ್ತಿ ಹಳೆ ಕ್ರಮ ಈಗ ನಡೆಯುವುದಿಲ್ಲ. ಹಸಿ ಸೊಪ್ಪು ನಾನು ಹಾಕುವುದೇ ಇಲ್ಲ. ಆದರೆ ಗರಿಗರಿ ಒಣಗಿದ ತರಗೆಲೆ ತೇವ ಹೀರುತ್ತದೆ. ಮಳೆಗಾಲದಲ್ಲಿ ಬೆಳಗ್ಗೆ ಕೆರೆದು, ವೈಪರ್ ಎಳೆದು, ನೀರು ಹಾಕದೆ, ನೆಲಕ್ಕೆ ಸುಣ್ಣದ ಹುಡಿಯನ್ನು ರಂಗೋಲಿಯಷ್ಟು ತೆಳ್ಳಗೆ ಉದುರಿಸಿ, ಮೇಲೆ ತರಗೆಲೆ ಹಾಸುತ್ತೇನೆ. ಸಂಜೆ ಒದ್ದೆಯಾದ ಎಲೆ ತೆಗೆದು ಹೊಸ ಎಲೆ. ಒದ್ದೆ ಎಲೆ ಉಳಿದರೆ ಹಾಸದಿದ್ದದ್ದೇ ವಾಸಿ. ಮರದ ಹುಡಿಯಂತೂ ಒದ್ದೆಯಾದರೆ ಕೆಚ್ಚಲು ಬಾವಿಗೆ ಬಾಗಿಲು ತೆರೆದ ಹಾಗೆ. ಸುಣ್ಣವೂ ಜಾಸ್ತಿ ಬೇಡ, ಮೊಲೆಯ ಚರ್ಮ ಒಡೆಯುತ್ತದೆ. ಅದರ ಶಕ್ತಿ ಒಂದೆರಡು ದಿನ ಮಾತ್ರ, ಆಮೇಲೆ ಮತ್ತೆ ಹಾಕಬೇಕು.

ಮಳೆಗಾಲದಲ್ಲಿ ನಿಮ್ಮ ಕಾಲನ್ನೂ ನೋಡಿಕೊಳ್ಳಿ. ಬರಿಗಾಲಲ್ಲಿ ಹಟ್ಟಿಗೆ ಇಳಿಯಬೇಡಿ, ಗಮ್‌ಬೂಟ್ ಹಾಕಿ. ಇಲಿಜ್ವರ ಇಲಿಯ ಉಚ್ಚೆಯಿಂದ ಮಾತ್ರ ಅಲ್ಲ, ದನದ ಗಂಜಲದಿಂದಲೂ ಬರುತ್ತದೆ. ಕಾಲಿನ ಒಡಕು, ಸಣ್ಣ ಗಾಯ ಸಾಕು ಅದಕ್ಕೆ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ, ಹಟ್ಟಿಯಲ್ಲಿ ಕೆಲಸ ಮಾಡುತ್ತೇನೆ ಅಂತ ಬಾಯಿ ಬಿಟ್ಟು ಹೇಳಿ. ಹಿಂಡಿಯ ಚೀಲಕ್ಕೆ ಮುಚ್ಚಳ ಇದ್ದರೆ ಇಲಿಯೂ ಕಡಿಮೆ.

ತರಗೆಲೆಯನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಗುಡಿಸಿ ಗೋಣಿಯಲ್ಲಿ ತುಂಬಿಡಬೇಕು. ಹೊಸ ಮಳೆ ಒಮ್ಮೆ ಬಿದ್ದರೆ ಮುಗಿಯಿತು. ನಾಲ್ಕು ದನಕ್ಕೆ ನಮಗೆ ಅರುವತ್ತು ಗೋಣಿ ಬೇಕಾಗುತ್ತದೆ. ಈ ಸಲ ನಲವತ್ತನಾಲ್ಕು ಆಗಿದೆ, ಅಟ್ಟದಲ್ಲಿ ಇನ್ನೂ ಜಾಗ ಇದೆ. ಗೋಡೆಗೆ ಸುಣ್ಣ ಬಳಿಯುವುದು ಮೂರು ಬದಿ ಮುಗಿದಿದೆ, ತೆಂಕಣ ಬದಿ ಬಾಕಿ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ ಬರುವ ತುಳುವರ ಬೇಷ ತಿಂಗಳ ಹತ್ತನೇ ದಿನಕ್ಕೆ, ಇನ್ನು ಹತ್ತು ದಿನ ಇದೆ, ಅದರೊಳಗೆ ಎರಡೂ ಮುಗಿಯಬೇಕು.